ನರ್ಸಮ್ಮನ ನಾಲ್ಕು ಟ್ಯಾಬ್‌ಗಳು

“ಮೇಷ್ಟ್ರೇ, ವೆಬ್ ಪುಟ ತೆರೆದಾಗಲೇ ಎಲ್ಲ ಟ್ಯಾಬ್‌ಗಳ ವಿಷಯವನ್ನೂ ತಂದಿಟ್ಟುಬಿಡಬೇಕೋ, ಇಲ್ಲ ಒತ್ತಿದಾಗ ಮಾತ್ರ ಅದೊಂದನ್ನೇ ತಂದು ತೋರಿಸಬೇಕೋ? ಎರಡರಲ್ಲಿ ಯಾವುದು ಸರಿ?”

ಕೇಳಿದವಳು ಶಶಿರೇಖಾ. ವೆಬ್ ಪುಟ ಕಟ್ಟುವ ವಿದ್ಯೆಯನ್ನು ಚನ್ನಬಸಯ್ಯ ಮೇಷ್ಟ್ರ ಬಳಿ ಎರಡು ವರ್ಷದಿಂದ ಕಲಿಯುತ್ತಿದ್ದಳು. ಈಗ ಮೊದಲ ಸಲ ತಾನೇ ಒಂದು ಪುಟ ಕಟ್ಟಲು ಹೊರಟಿದ್ದಳು. ಮೂರು ದಿನದಿಂದ ಈ ಪ್ರಶ್ನೆ ಅವಳನ್ನು ಮುಂದೆ ಹೋಗಲು ಬಿಟ್ಟಿರಲಿಲ್ಲ. ಬಲ್ಲವರಲ್ಲಿ ಕೆಲವರು ಹಾಗೆ ಎಂದಿದ್ದರು, ಕೆಲವರು ಹೀಗೆ ಎಂದಿದ್ದರು.

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಕೂತುಕೋ” ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಪುಟ ಕಟ್ಟುವವನೊಬ್ಬನಿದ್ದ. ಕೆಲಸದಲ್ಲಿ ಚುರುಕು. ತನ್ನ ಕೆಲಸದ ಮೇಲೆ ಅವನಿಗೆ ಅಭಿಮಾನವೂ ಇತ್ತು. ಬೆಟ್ಟದ ಬುಡದ ಒಂದು ಆಸ್ಪತ್ರೆಯ ಡಾಕ್ಟರು ಅವನನ್ನು ಕರೆಸಿ ಒಂದು ಕೆಲಸ ಒಪ್ಪಿಸಿದರು. ಆ ಆಸ್ಪತ್ರೆಯ ನರ್ಸಮ್ಮ ಬೆಟ್ಟದ ಮೇಲಿನ ಏಳು ಹಳ್ಳಿಗಳಿಗೆ ಸರದಿಯ ಮೇಲೆ ನಡೆದುಕೊಂಡು ಹೋಗುತ್ತಿದ್ದಳು. ಆಕೆ ಹೊರುವ ದಪ್ಪ ದಪ್ಪ ಪುಸ್ತಕಗಳೆಲ್ಲ ಒಂದು ಪುಟದೊಳಗೆ ಬಂದು, ಆಕೆಯ ಫೋನಿನಲ್ಲಿ ಕಾಣಬೇಕು. ಇಷ್ಟು ಕೆಲಸ.

ಅವನು ಪುಟದ ತಲೆಯಲ್ಲಿ ನಾಲ್ಕು ಟ್ಯಾಬ್ ಮಾಡಿದ, ಒಂದೊಂದು ಹೆಸರನ್ನು ಒತ್ತಿದರೆ ಅದರ ವಿಷಯ ಕೆಳಗೆ ತೆರೆದುಕೊಳ್ಳುವ ಹಾಗೆ. ಒಂದರಲ್ಲಿ ಮನೆಗಳು: ಯಾವ ಮನೆಯಲ್ಲಿ ಯಾರು, ಯಾವ ಮಗುವಿನ ತೂಕ ಎಷ್ಟು. ಇನ್ನೊಂದರಲ್ಲಿ ಲಸಿಕೆಯ ದಿನಗಳು. ಮೂರನೆಯದರಲ್ಲಿ ಔಷಧಿಗಳು, ಯಾವುದನ್ನು ಯಾರಿಗೆ ಎಷ್ಟು ಕೊಡಬೇಕೆಂಬ ಲೆಕ್ಕ. ಕೊನೆಯದರಲ್ಲಿ ತಾಯಂದಿರಿಗೆ ತೋರಿಸುವ ಪಾಠದ ವಿಡಿಯೋಗಳು. ಪುಟ ತೆರೆದ ಕೂಡಲೇ ನಾಲ್ಕೂ ಬಂದು ಕೂರುವ ಹಾಗೆ ಏರ್ಪಾಡು ಮಾಡಿದ. ಪಟ್ಟಣದ ಆರೋಗ್ಯ ಇಲಾಖೆಯ ಕಚೇರಿಯಲ್ಲಿ ತೆರೆದು ತೋರಿಸಿದಾಗ ಯಾವುದನ್ನು ಒತ್ತಿದರೂ ಒತ್ತಿದ್ದೇ ತಡ, ಎದುರಿಗೆ ಬಂತು. ಅಧಿಕಾರಿಗಳು ಹೊಗಳಿದರು. ಅವನು ಸಂತೋಷದಿಂದ ಮನೆಗೆ ಹೋದ.

ವಾರ ಕಳೆಯುವುದರೊಳಗೆ ಡಾಕ್ಟರಿಂದ ಸುದ್ದಿ ಬಂತು. ಪುಟ ತೆರೆಯುವುದೇ ಇಲ್ಲವಂತೆ.

ಅವನು ಯೋಚಿಸಿದ. ಬೆಟ್ಟದ ಕಡೆ ಸಿಗ್ನಲ್ ಕಡಿಮೆ. ಪಾಠದ ವಿಡಿಯೋಗಳು ಭಾರ. ಅವು ಬಂದು ಸೇರುವ ತನಕ ಉಳಿದದ್ದೆಲ್ಲ ಅವುಗಳ ಹಿಂದೆ ಕಾಯುತ್ತ ನಿಂತಿದೆ. ತಪ್ಪು ಎಲ್ಲಿದೆ ಎಂದು ಗೊತ್ತಾದ ಮೇಲೆ ತಿದ್ದುವುದು ಅವನಿಗೆ ಕಷ್ಟವಾಗಲಿಲ್ಲ. ಯಾವುದನ್ನೂ ಮೊದಲೇ ತರುವುದು ಬೇಡ, ಯಾವ ಟ್ಯಾಬ್ ಒತ್ತುತ್ತಾರೋ ಅದರ ವಿಷಯವನ್ನು ಆಗಲೇ ಹೋಗಿ ತರಲಿ ಎಂದು ಬದಲಾಯಿಸಿದ. ಫೋನಿಗೆ ಹೊರೆಯಾಗದಿರಲೆಂದು ಇನ್ನೂ ಒಂದು ಜಾಣತನ ಮಾಡಿದ. ಹೊಸದನ್ನು ಒತ್ತಿದೊಡನೆ ಹಳೆಯದು ಅಳಿಸಿಹೋಗುವಂತೆ ಮಾಡಿದ. ಪುಟ ಹಗುರವಾಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಿತು.

ಹದಿನೈದು ದಿನಕ್ಕೆ ಮತ್ತೆ ಸುದ್ದಿ ಬಂತು. ಪುಟವೇನೋ ಬೇಗ ತೆರೆಯುತ್ತದೆ, ಆದರೆ ಒಳಗೆ ಏನೂ ಇರುವುದಿಲ್ಲವಂತೆ.

ಈ ಸಲ ಅವನಿಗೆ ಸಿಟ್ಟು ಬಂತು. ತನ್ನ ಕೋಣೆಯಲ್ಲಿ ಕೂತು ಹತ್ತು ಸಲ ಒತ್ತಿ ನೋಡಿದ. ಹತ್ತು ಸಲವೂ ವಿಷಯ ಬಂತು. ಡಾಕ್ಟರಿಗೆ ಫೋನ್ ಮಾಡಿ, “ಪುಟ ಸರಿಯಾಗಿದೆ ಸಾರ್. ನಿಮ್ಮ ನರ್ಸಮ್ಮನಿಗೆ ಒತ್ತುವುದಕ್ಕೆ ಬರುವುದಿಲ್ಲ ಅಂತ ಕಾಣುತ್ತೆ. ಯಾರಾದರೂ ಒಂದು ಸಲ ಹೇಳಿಕೊಟ್ಟರೆ ಸಾಕು” ಎಂದ.

“ಹಾಗಾದರೆ ನೀವೇ ಬಂದು ಹೇಳಿಕೊಡಿ. ನಾಳಿದ್ದು ಬುಧವಾರ ಆಕೆ ಮೇಲೆ ಹೋಗುತ್ತಾಳೆ” ಎಂದರು ಡಾಕ್ಟರು.

ಬುಧವಾರ ಬೆಳಗಿನ ಬಸ್ಸಿಗೆ ಅವನು ಹೋದ. ಬಸ್ಸು ನಿಲ್ಲುವ ಕಡೆ ಒಂದು ಟೀ ಅಂಗಡಿ. ಅಲ್ಲಿ ನರ್ಸಮ್ಮ ಕೂತಿದ್ದಳು. ಐವತ್ತರ ಆಸುಪಾಸಿನ ಹೆಂಗಸು. ಕಾಲಿಗೆ ಕ್ಯಾನ್ವಾಸ್ ಬೂಟು, ಪಕ್ಕದಲ್ಲಿ ಲಸಿಕೆಯ ಪೆಟ್ಟಿಗೆ. ಎದುರಿಗೆ ಟೀ ಇತ್ತು. ಅದನ್ನು ಮುಟ್ಟದೆ ಆಕೆ ಫೋನು ಹಿಡಿದು ನಾಲ್ಕೂ ಟ್ಯಾಬ್‌ಗಳನ್ನು ಒಂದರ ನಂತರ ಒಂದರಂತೆ ಒತ್ತುತ್ತಿದ್ದಳು. ಒಂದೊಂದನ್ನು ಒತ್ತಿ, ಅದು ಪೂರ್ತಿ ಬರುವ ತನಕ ತಾಳ್ಮೆಯಿಂದ ಕಾದು, ಆಮೇಲೆ ಮುಂದಿನದಕ್ಕೆ ಹೋಗುತ್ತಿದ್ದಳು. ಒತ್ತುವುದರಲ್ಲಿ ಒಂದು ತಪ್ಪೂ ಇರಲಿಲ್ಲ.

“ಎಲ್ಲವನ್ನೂ ಈಗಲೇ ಯಾಕೆ ಒತ್ತುತ್ತೀರಿ?” ಎಂದು ಅವನು ಕೇಳಿದ.

“ಇಲ್ಲಿಂದ ಮುಂದಕ್ಕೆ ಸಿಗ್ನಲ್ ಇರಲ್ಲ ಸಾರ್. ಅದಕ್ಕೆ ಇಲ್ಲೇ ತುಂಬಿಸಿಕೊಂಡು ಹೋಗ್ತೀನಿ” ಎಂದಳು. ಕೊನೆಯ ಟ್ಯಾಬನ್ನೂ ಒತ್ತಿ, ಕಾದು, ಫೋನನ್ನು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡಳು. ತಣ್ಣಗಾದ ಟೀಯನ್ನು ಒಂದೇ ಗುಟುಕಿಗೆ ಕುಡಿದಳು.

ತಪ್ಪು ತನ್ನದೇ ಎಂದು ಅವನಿಗೆ ಆಗ ಹೊಳೆಯಿತು. ಆಕೆ ಎರಡನೆಯದನ್ನು ಒತ್ತಿದಾಗ ಮೊದಲನೆಯದು ಅಳಿಸಿಹೋಗಿತ್ತು. ಮೂರನೆಯದನ್ನು ಒತ್ತಿದಾಗ ಎರಡನೆಯದು. ಈಗ ಫೋನಿನಲ್ಲಿ ಉಳಿದಿದ್ದದ್ದು ಪಾಠದ ವಿಡಿಯೋಗಳು ಮಾತ್ರ. ಹೇಳಬೇಕೆಂದು ಬಾಯಿ ತೆರೆದ. ಒತ್ತುವುದು ಹೇಗೆಂದು ಕಲಿಸಲು ಬಂದವನು ತಾನು ಎಂಬುದು ನೆನಪಾಯಿತು. ಮೇಲೆ ಎಲ್ಲಾದರೂ ಸಿಗ್ನಲ್ ಸಿಕ್ಕೀತು, ಇವತ್ತು ಅದರ ಅಗತ್ಯವೇ ಬಾರದಿರಬಹುದು ಎಂದುಕೊಂಡು ಸುಮ್ಮನಾದ. ಇಬ್ಬರೂ ಹತ್ತತೊಡಗಿದರು.

ಮೊದಲ ಹಳ್ಳಿಯಲ್ಲಿ ಪುಟದ ಅಗತ್ಯ ಬೀಳಲಿಲ್ಲ. ಎರಡನೆಯ ಹಳ್ಳಿಯಲ್ಲಿ ಒಬ್ಬ ತಾಯಿ ಏಳು ತಿಂಗಳ ಕೂಸನ್ನು ಎತ್ತಿಕೊಂಡು ಅಂಗಳದಲ್ಲೇ ಕಾಯುತ್ತ ನಿಂತಿದ್ದಳು. ಬೆಳಗಿನಿಂದ ಜ್ವರ. ಮೈ ಕಾದ ಹೆಂಚಿನಂತಾಗಿತ್ತು. ಕೂಸು ಹಾಲು ಕುಡಿಯುವುದನ್ನು ಬಿಟ್ಟಿತ್ತು.

ನರ್ಸಮ್ಮ ಚೀಲದಿಂದ ಔಷಧಿಯ ಬಾಟಲಿ ತೆಗೆದು, ಅದರ ಚೀಟಿಯನ್ನು ಓದಿ, ಕೈ ತಡೆದಳು. “ಹಳೇ ಬಾಟಲಿಯಾಗಿದ್ದರೆ ಕಣ್ಣು ಮುಚ್ಚಿಕೊಂಡು ಕೊಡ್ತಿದ್ದೆ. ಈ ತಿಂಗಳು ಬಂದಿರೋದು ಬೇರೆ. ಅದಕ್ಕಿಂತ ಗಟ್ಟಿ. ಅಳತೆ ನೋಡಿಯೇ ಕೊಡಬೇಕು” ಎಂದು ಫೋನು ತೆಗೆದು ಔಷಧಿಯ ಟ್ಯಾಬ್ ಒತ್ತಿದಳು.

ಪುಟದ ನಡುವೆ ಒಂದು ಸಣ್ಣ ಚಕ್ರ ತಿರುಗತೊಡಗಿತು. ತಿರುಗುತ್ತಲೇ ಇತ್ತು.

ನರ್ಸಮ್ಮ ಅವನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. “ನಾನೇ ಎಲ್ಲೋ ಸರಿಯಾಗಿ ಒತ್ತಿಲ್ಲ ಅಂತ ಕಾಣುತ್ತೆ ಸಾರ್. ಪ್ರತಿ ಸಲವೂ ಹೀಗೇ ಮಾಡ್ಕೊಳ್ತೀನಿ” ಎಂದಳು.

ಅವನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಸಿಗ್ನಲ್ ಎಲ್ಲಿ ಸಿಗುತ್ತದೆಂದು ಕೇಳಿದ. ಊರ ಹಿಂದಿನ ಬಂಡೆಯನ್ನು ತೋರಿಸಿದರು. ಆಕೆಯ ಫೋನು ಹಿಡಿದು ಆ ಬಂಡೆ ಹತ್ತಿದ. ಪೊದೆ ಸರಿಸಿಕೊಂಡು ಹತ್ತುವ ದಾರಿ, ಕಾಲು ಗಂಟೆ ಹಿಡಿಯಿತು. ತುದಿಯಲ್ಲಿ ನಿಂತು ಔಷಧಿಯ ಟ್ಯಾಬ್ ಒತ್ತಿದ. ಅಳತೆಯ ಪಟ್ಟಿ ಬಂತು. ಬೆರಳು ಗಾಜಿಗೆ ತಾಗದ ಹಾಗೆ, ತುಂಬಿದ ಬಿಂದಿಗೆ ಹಿಡಿದವನಂತೆ, ಫೋನನ್ನು ಎರಡೂ ಕೈಯಲ್ಲಿ ಹಿಡಿದು ಇಳಿದು ಬಂದು ನರ್ಸಮ್ಮನಿಗೆ ಕೊಟ್ಟ.

ಆಕೆ ಓದಿದಳು. ಅಳತೆ ಕೂಸಿನ ತೂಕದ ಮೇಲೆ ನಿಂತಿತ್ತು. ತೂಗುವ ತಕ್ಕಡಿ ಕೆಳಗಿನ ಹಳ್ಳಿಯ ಅಂಗನವಾಡಿಯಲ್ಲಿತ್ತು. ಆದರೆ ಹಿಂದಿನ ವಾರವಷ್ಟೇ ಅಲ್ಲಿ ಈ ಕೂಸನ್ನು ತೂಗಿ ಬರೆದಾಗಿತ್ತು. ತೂಕ ನೋಡೋಣವೆಂದು ಆಕೆ ಮನೆಗಳ ಟ್ಯಾಬ್ ಕಡೆಗೆ ಬೆರಳು ಒಯ್ದಳು. ಅವನು “ಬೇಡ” ಎನ್ನುವಷ್ಟರಲ್ಲಿ ಬೆರಳು ಒತ್ತಿಯಾಗಿತ್ತು.

ಅಳತೆಯ ಪಟ್ಟಿ ಅಳಿಸಿಹೋಯಿತು. ತೂಕವೂ ಬರಲಿಲ್ಲ. ಚಕ್ರ ಮತ್ತೆ ತಿರುಗತೊಡಗಿತು.

ಅವನು ಫೋನನ್ನು ತೆಗೆದುಕೊಂಡು ಎರಡನೆಯ ಸಲ ಬಂಡೆ ಹತ್ತಿದ. ಈ ಸಲ ನರ್ಸಮ್ಮನ ಪೆನ್ನನ್ನೂ ಕೇಳಿ ತೆಗೆದುಕೊಂಡಿದ್ದ. ಮನೆಗಳ ಟ್ಯಾಬ್ ತೆರೆದು ಕೂಸಿನ ತೂಕವನ್ನು ಎಡ ಅಂಗೈ ಮೇಲೆ ಬರೆದುಕೊಂಡ. ಔಷಧಿಯ ಟ್ಯಾಬ್ ತೆರೆದು ಅಳತೆಯನ್ನು ಅದರ ಕೆಳಗೆ ಬರೆದುಕೊಂಡ. ಎರಡು ಸಲ ತಾಳೆ ನೋಡಿದ. ಬೆವರಿಗೆ ಅಕ್ಷರ ಅಳಿಸದಿರಲೆಂದು ಕೈ ಬಿಚ್ಚಿ ಹಿಡಿದುಕೊಂಡೇ ಇಳಿದ. ಅಷ್ಟು ಹೊತ್ತೂ ನರ್ಸಮ್ಮ ಒದ್ದೆ ಬಟ್ಟೆಯಿಂದ ಕೂಸಿನ ಮೈ ಒರೆಸುತ್ತಿದ್ದಳು. ಅವನ ಅಂಗೈಯನ್ನು ಬೆಳಕಿಗೆ ತಿರುಗಿಸಿ ಓದಿ, ಔಷಧಿ ಅಳೆದು ಕುಡಿಸಿದಳು.

ಆಮೇಲೆ ಕಾಯುವುದೊಂದೇ ಉಳಿದ ಕೆಲಸ. ಬಿಸಿಲು ಅಂಗಳದಿಂದ ಗೋಡೆಗೆ ಸರಿಯುವ ಹೊತ್ತಿಗೆ ಕೂಸಿನ ಹಣೆಯಲ್ಲಿ ಬೆವರು ಮೂಡಿತು. ಇನ್ನೂ ಸ್ವಲ್ಪ ಹೊತ್ತಿಗೆ ಅದು ಅತ್ತು ಹಾಲು ಕೇಳಿತು. ತಾಯಿ ಒಳಗೆ ಹೋಗಿ ಹಾಲೂಡಿಸಿ, ಕೂಸನ್ನು ಮಲಗಿಸಿ ಬಂದು, ಇಬ್ಬರಿಗೂ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕೊಟ್ಟಳು. ಅವನು ಬಲಗೈಯಲ್ಲಿ ಉಣ್ಣುತ್ತ ಎಡಗೈಯನ್ನು ಮಡಚದೆ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಆ ಬರಹದ ಕೆಲಸ ಮುಗಿದಿದೆ ಎಂಬುದು ಅವನಿಗೆ ಹೊಳೆದಿರಲಿಲ್ಲ. ನರ್ಸಮ್ಮ ನೋಡಿ ನಕ್ಕಳು. ಅವನೂ ನಕ್ಕ.

ಬೆಟ್ಟ ಇಳಿಯುವಾಗ ಅವನು ಹೇಳಿದ: “ತಪ್ಪು ನಿಮ್ಮದಲ್ಲ ನರ್ಸಮ್ಮ. ಹೊಸದು ಬಂದಾಗ ಹಳೆಯದು ಅಳಿಸುವ ಹಾಗೆ ಮಾಡಿದವನು ನಾನು. ನೀವು ಟೀ ಅಂಗಡಿಯಲ್ಲಿ ಒತ್ತುವಾಗಲೇ ನನಗೆ ಅದು ಗೊತ್ತಾಗಿತ್ತು.”

“ಆಗಲೇ ಹೇಳಿದ್ದರೆ ಒಂದು ಚೀಟಿಯಲ್ಲಿ ಬರೆದುಕೊಂಡು ಬರ್ತಿದ್ದೆ” ಎಂದಳು ನರ್ಸಮ್ಮ. ಅಷ್ಟೇ. ಮುಂದಿನ ತಿರುವಿನಲ್ಲಿ, ಎರಡು ಸಲ ಬಂಡೆ ಹತ್ತಿದ ಅವನ ಕಾಲು ನೋಯುತ್ತಿದೆಯೇ ಎಂದು ವಿಚಾರಿಸಿದಳು.

ಪಟ್ಟಣಕ್ಕೆ ಬಂದವನು ಹನ್ನೊಂದು ದಿನ ಆ ಪುಟವನ್ನು ಬಿಟ್ಟು ಬೇರೆ ಕೆಲಸ ಮುಟ್ಟಲಿಲ್ಲ. ಒಮ್ಮೆ ತಂದದ್ದನ್ನು ಎಸೆಯುವುದನ್ನು ನಿಲ್ಲಿಸಿದ. ನರ್ಸಮ್ಮ ಬೆಳಗ್ಗೆ ಪುಟ ತೆರೆದ ಕೂಡಲೇ ಮನೆಗಳ ಟ್ಯಾಬ್ ಬರುತ್ತದೆ, ಅದೂ ಅಂದು ಹೋಗುವ ಹಳ್ಳಿಗಳ ಮನೆಗಳಷ್ಟೇ. ಆಕೆ ಅದನ್ನು ನೋಡುತ್ತಿರುವಾಗ ಔಷಧಿಯ ಅಳತೆಗಳೂ ಲಸಿಕೆಯ ದಿನಗಳೂ ಸದ್ದಿಲ್ಲದೆ ಹಿಂದಿನಿಂದ ಬಂದು ಕೂರುತ್ತವೆ. ವಿಡಿಯೋಗಳು ಮಾತ್ರ ಆಕೆ ಒತ್ತುವ ತನಕ ಕದಲುವುದಿಲ್ಲ. ಸಿಗ್ನಲ್ ಇಲ್ಲದ ಕಡೆ ಚಕ್ರ ತಿರುಗುವುದಿಲ್ಲ. ಇರುವುದನ್ನೇ ತೋರಿಸಿ, ಇದು ಇಂಥ ದಿನ ಇಷ್ಟು ಗಂಟೆಗೆ ತಂದದ್ದು ಎಂದು ಪುಟವೇ ಹೇಳುತ್ತದೆ.

ತಿಂಗಳಾದ ಮೇಲೆ, ಯಾರೂ ಕರೆಯದಿದ್ದರೂ ಒಂದು ಬುಧವಾರ ಅವನು ಅದೇ ಬಸ್ಸು ಹತ್ತಿದ. ನರ್ಸಮ್ಮ ಟೀ ಅಂಗಡಿಯಲ್ಲಿದ್ದಳು. ಫೋನು ಮೇಜಿನ ಮೇಲಿತ್ತು. ಅವನಿಗೂ ಒಂದು ಟೀ ಹೇಳಿದಳು.

“ಪುಟ ಹೇಗಿದೆ ನರ್ಸಮ್ಮ?” ಎಂದ.

ಆಕೆ ಸ್ವಲ್ಪ ಯೋಚಿಸಿದಳು. “ಈಚೆಗೆ ಅದರ ಯೋಚನೆಯೇ ಬಂದಿಲ್ಲ ನೋಡಿ ಸಾರ್” ಎಂದು, ಹಬೆಯಾಡುವ ಟೀಯನ್ನು ಊದಿ ಊದಿ ಕುಡಿದಳು.

ಅಧಿಕಾರಿಗಳು ಹೊಗಳಿದ ದಿನಕ್ಕಿಂತ ಅವನಿಗೆ ಅಂದು ಹೆಚ್ಚು ಸಂತೋಷವಾಯಿತು. ಲಸಿಕೆಯ ಪೆಟ್ಟಿಗೆಯನ್ನು ತಾನೇ ಹೆಗಲಿಗೆ ಹಾಕಿಕೊಂಡು ಆಕೆಯ ಹಿಂದೆ ಬೆಟ್ಟ ಹತ್ತಿದ.

ಮೇಷ್ಟ್ರು ಇಲ್ಲಿಗೆ ಕತೆ ನಿಲ್ಲಿಸಿದರು.

ಶಶಿರೇಖಾ ಕೇಳಿದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಳು. ಉತ್ತರ ಸಿಕ್ಕಿತೆಂದು ಅವಳಿಗೆ ಸಮಾಧಾನವಾಯಿತು. “ಗೊತ್ತಾಯಿತು ಮೇಷ್ಟ್ರೇ. ಕೆಲವನ್ನು ಮೊದಲೇ ತಂದಿಡಬೇಕು, ಕೆಲವನ್ನು ಒತ್ತಿದಾಗ ತರಬೇಕು. ಹಾಗಾದರೆ ನನ್ನ ಪುಟದಲ್ಲಿ ಯಾವುದನ್ನು ಮೊದಲು ತರಲಿ?” ಎಂದು ಕೇಳಿದಳು.

“ನಿನ್ನ ಪುಟ ತೆರೆಯುವವರ ಜೊತೆ ನೀನು ಎಷ್ಟು ದೂರ ನಡೆದಿದ್ದೀಯಮ್ಮ?” ಎಂದರು ಮೇಷ್ಟ್ರು.

ಶಶಿರೇಖಾ ಎದ್ದು ಚಪ್ಪಲಿ ಮೆಟ್ಟಿಕೊಂಡು, ತನ್ನ ಪುಟ ತೆರೆಯಲಿರುವವರನ್ನು ಕಾಣಲು ಹೊರಟಳು.