ಚ್ಯೂ ಲಿಂಗ್‌ಗೆ ಬಂದ ಅಂಕ

ಶಿಷ್ಯೆ ಕೇಳಿದಳು: "ಗುರುಗಳೇ, ನನ್ನ ನರ್ಸಿಂಗ್ ವಿದ್ಯಾರ್ಥಿನಿಯರಲ್ಲಿ ಕಿರಿಯರಿಗೆ ಕಲಿಸಿ ಮುನ್ನಡೆಸಬಲ್ಲವರು ಯಾರೆಂದು ಒಂದು ಪ್ರಶ್ನಾವಳಿಯಿಂದ ಅಳೆದಿದ್ದೇನೆ. ಮೊದಲ ಐವರನ್ನು ಆರಿಸಿಯೂ ಆಯಿತು. ಈ ಅಳತೆಯನ್ನು ಎಷ್ಟು ನಂಬಬಹುದು?"

ಗುರುಗಳು ಒಂದು ಕತೆ ಹೇಳತೊಡಗಿದರು.

ಚೀನಾದ ಒಂದು ಊರಿನಲ್ಲಿ ನರ್ಸಿಂಗ್ ಕಲಿಸುವ ಅಧ್ಯಾಪಕಿಯೊಬ್ಬಳಿದ್ದಳು. ಶ್ರದ್ಧಾವಂತೆ, ಪಕ್ಷಪಾತ ತಿಳಿಯದವಳು. ಕಿರಿಯರಿಗೆ ಕಲಿಸುವವರನ್ನು ಆರಿಸಲು ಅವಳೂ ನಲವತ್ತು ಪ್ರಶ್ನೆಗಳನ್ನು ಬರೆದಳು. 'ನಾನು ಇತರರಿಗೆ ಮಾರ್ಗದರ್ಶನ ಮಾಡಬಲ್ಲೆ' ಎಂಬುದು ಒಂದು. 'ಗುಂಪಿನಲ್ಲಿ ನಾನೇ ಮೊದಲು ಮಾತನಾಡುತ್ತೇನೆ' ಎಂಬುದು ಇನ್ನೊಂದು. ಚ್ಯೂ ಲಿಂಗ್ ಎಂಬ ಹುಡುಗಿ ಹೆಚ್ಚಿನವಕ್ಕೆ 'ಇಲ್ಲ' ಎಂದು ಗುರುತು ಹಾಕಿದಳು. ಅವಳಿಗೆ ಎಲ್ಲರಿಗಿಂತ ಕಡಿಮೆ ಅಂಕ ಬಂತು.

ಅವಳು ಬಂದು ಕೇಳಿದಳು: "ನಾನೂ ಕಿರಿಯರ ಜೊತೆ ಇರಬಹುದೇ?"

ಅಧ್ಯಾಪಕಿ ಅಂಕಪಟ್ಟಿ ತೋರಿಸಿದಳು. "ಕಲಿಸುವ ಗುಣ ನಿನ್ನಲ್ಲಿಲ್ಲಮ್ಮ. ರೋಗಿಗಳನ್ನು ಚೆನ್ನಾಗಿ ನೋಡಿಕೊ, ಅಷ್ಟು ಸಾಕು."

ಹುಡುಗಿ ತಲೆಯಾಡಿಸಿ ಹೋದಳು. ಓದು ಮುಗಿಸಿ ಬೇರೆ ಊರಿನ ಆಸ್ಪತ್ರೆ ಸೇರಿದಳು.

ಮರುವರ್ಷ ಕಿರಿಯರ ಪರೀಕ್ಷೆ ನಡೆಯಿತು. ಮುದುಕರ ತೋಳಿನಲ್ಲಿ ರಕ್ತನಾಳ ಹುಡುಕಿ ಸೂಜಿ ಹಾಕಲು ಅರ್ಧದಷ್ಟು ಮಂದಿಗೆ ಬರಲಿಲ್ಲ. ಅಧ್ಯಾಪಕಿ ತಾನು ಆರಿಸಿ, ಕಲಿಸಲೆಂದು ಅಲ್ಲೇ ಉಳಿಸಿಕೊಂಡಿದ್ದವರನ್ನು ಕರೆಸಿ, "ನಿಮಗೆಲ್ಲ ಇದು ಚೆನ್ನಾಗಿ ಬರುತ್ತಿತ್ತಲ್ಲ, ಇವರಿಗೇಕೆ ಕಲಿಸಲಿಲ್ಲ?" ಎಂದು ಕೇಳಿದಳು.

ಅವರಲ್ಲೊಬ್ಬಳು ತಡವರಿಸಿ ಹೇಳಿದಳು: "ನಮಗೆ ಕಲಿಸಿದ್ದು ಚ್ಯೂ ಲಿಂಗ್. ಊಟದ ಬಿಡುವಿನಲ್ಲಿ ತನ್ನ ತೋಳನ್ನೇ ಚಾಚಿ, ಹೆದರಬೇಡಿ, ಚುಚ್ಚಿ ಅನ್ನುತ್ತಿದ್ದಳು. ನಮಗೆ ಅವಳ ಹಾಗೆ ಕಲಿಸಲು ಬರುವುದಿಲ್ಲ."

ಅಧ್ಯಾಪಕಿ ಮರುದಿನವೇ ಚ್ಯೂ ಲಿಂಗ್ ಇದ್ದ ಊರಿಗೆ ಹೊರಟಳು. ಅವಳು ವಾರ್ಡಿನ ಬಾಗಿಲಿಗೆ ಬಂದಾಗ ಹೊಸ ನರ್ಸ್ ಒಬ್ಬಳು ರೋಗಿಯ ತೋಳು ಹಿಡಿದು ರಕ್ತನಾಳ ಸಿಗದೆ ಒದ್ದಾಡುತ್ತಿದ್ದಳು. ಚ್ಯೂ ಲಿಂಗ್ ಪಕ್ಕದಲ್ಲೇ ಇದ್ದಳು. ಅವಳ ಕೈ ಒಮ್ಮೆ ಮುಂದೆ ಬಂತು, ನಿಂತಿತು, ಹಿಂದಕ್ಕೆ ಹೋಯಿತು.

"ಸ್ವಲ್ಪ ತಾಳು, ಕಲಿಸಲು ಬರುವವರನ್ನು ಕರೆತರುತ್ತೇನೆ" ಎಂದು ಅವಳು ತಿರುಗಿದಳು. ಎದುರಿಗೆ ಅಧ್ಯಾಪಕಿ ನಿಂತಿದ್ದಳು.

"ಆ ಅಳತೆ ತಪ್ಪಾಗಿತ್ತು. ನಿನ್ನನ್ನು ಕರೆದೊಯ್ಯಲು ಬಂದಿದ್ದೇನೆ" ಎಂದಳು ಅಧ್ಯಾಪಕಿ.

ಚ್ಯೂ ಲಿಂಗ್ ಮೆಲ್ಲಗೆ ಹೇಳಿದಳು: "ತಪ್ಪು ಹೇಗಾದೀತು ಮೇಡಂ? ಎಲ್ಲ ಪ್ರಶ್ನೆಗಳಿಗೂ ಉತ್ತರ ಬರೆದವಳು ನಾನೇ ಅಲ್ಲವೇ?"

ಅಧ್ಯಾಪಕಿ ಸಂಜೆಯವರೆಗೂ ಬೇಡಿಕೊಂಡಳು. ಹುಡುಗಿ ಚಹಾ ಕೊಟ್ಟಳು, ಬಸ್ ನಿಲ್ದಾಣದವರೆಗೆ ಬಂದು ಕಳಿಸಿದಳು, ಜೊತೆಗೆ ಹೋಗಲಿಲ್ಲ. ಮುಂದೆಯೂ ಅವಳು ಒಳ್ಳೆಯ ನರ್ಸ್ ಆಗಿಯೇ ಇದ್ದಳು. ಯಾರಿಗೂ ಏನನ್ನೂ ಕಲಿಸಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯೆ ತನ್ನ ಕೈಯಲ್ಲಿದ್ದ ಅಂಕಪಟ್ಟಿಯನ್ನು ಮಡಿಚತೊಡಗಿದಳು.

"ಮಡಿಚುವ ಮೊದಲು ಹೇಳು," ಎಂದರು ಗುರುಗಳು, "ಅದರಲ್ಲಿ ಕೊನೆಗೆ ಬಂದ ಹುಡುಗಿಯ ಹೆಸರೇನು?"