ಬೀರನ ಕಂಬಳಿ ಸವಾರಿ

ಹೂಂಗುಟ್ಟೋರು ಇದ್ದರೆ ಹೇಳ್ತೀನಿ. ನಿದ್ದೆ ಬಂದೋರು ಆರಾಮಾಗಿ ಮಲಗಿಬಿಡಿ, ಈ ಕತೆ ಕನಸಿನೊಳಕ್ಕೂ ಬರುತ್ತೆ.

ಮಗ್ಗದಹಟ್ಟಿ ಅಂತ ಒಂದೂರು. ಊರಿಗೂರೇ ಕಂಬಳಿ ನೇಯೋರು. ಅಲ್ಲಿ ಮಾಳವ್ವ ಅಂತ ಒಬ್ಬಳು, ಉಣ್ಣೆ ನೂಲೋಳು. ಗಂಡ ಇಲ್ಲ. ಇರೋನು ಒಬ್ಬನೇ ಮಗ, ಬೀರಲಿಂಗ. ತೊಟ್ಟಿಲಲ್ಲಿ ಹಾಕಿ ಇಟ್ಟ ಹೆಸರು ಬೀರಲಿಂಗ. ಆಮೇಲೆ ಆ ಹೆಸರು ತೊಟ್ಟಿಲಲ್ಲೇ ಉಳಕೊಂತು. ಊರವರ ಬಾಯಲ್ಲಿ ಅವನು ಪೆದ್ದ. "ಪೆದ್ದ, ನೀರು ತಾ." "ಪೆದ್ದ, ಇದನ್ನ ಹಿಡಕೋ." ಅವನಿಗೇನೂ ಬೇಜಾರಿಲ್ಲ, ಕರೆದರೆ ಸಾಕು ಓಡೋನು. ಬೇಜಾರೆಲ್ಲ ಅವ್ವಂದು.

ಊರವರದ್ದೂ ತಪ್ಪಲ್ಲ ಅನ್ನಿ. ಒಲೆ ಮೇಲೆ ಹಾಲಿಟ್ಟು, "ಉಕ್ಕುತ್ತೆ, ನೋಡ್ತಾ ಇರು ಮಗನೇ" ಅಂತ ಹೇಳಿ ಮಾಳವ್ವ ನೀರಿಗೆ ಹೋಗಿ ಬಂದರೆ, ಅವನು ಬಾಗಿಲಲ್ಲೇ ಎದುರಾಗಿ, "ಉಕ್ಕಿತು ಕಣವ್ವ, ಎಷ್ಟು ಚೆನ್ನಾಗಿ ಉಕ್ಕಿತು ಗೊತ್ತಾ" ಅನ್ನೋನು. ಏನು ಮಾಡ್ತೀರಿ? ಹೊಡೆಯೋಕೆ ಕೈ ಎತ್ತಿದರೆ ಆ ಮುಖ ನೋಡಿ ಕೈ ಹಾಗೇ ನಿಂತುಬಿಡೋದು.

"ಒಂದು ಸಲ, ಒಂದೇ ಒಂದು ಸಲ ಈ ಊರು ನನ್ನ ಮಗನ್ನ ಹೆಸರು ಹಿಡಿದು ಕರೀಲಿ. ಅಷ್ಟು ಕೇಳಿಸಿಕೊಂಡು ಕಣ್ಣು ಮುಚ್ತೀನಿ," ಅಂತ ಮಾಳವ್ವ ನೂಲೋ ಕದಿರಿಗೆ ಹೇಳೋಳು. ಕದಿರು ಗಿರ್ರಂತ ತಿರುಗೋದು.

ಹಿಂಗಿರುವಾಗ ಒಂದು ಸುದ್ದಿ ಬಂತು. ಎಲ್ಲೋ ಬಲು ದೂರ, ಮೋಡದಗುಡ್ಡ ಅಂತ ಒಂದಿದೆ. ಅದರ ನೆತ್ತಿ ಮೇಲೆ ಒಂದು ಶಾಲೆ. ಕಿವಿ ಕೇಳದ, ಮಾತು ಬಾರದ ಮಕ್ಕಳ ಶಾಲೆ. ಅಲ್ಲಿ ಚಳಿ ಅಂದರೆ ಅಂಥಿಂಥ ಚಳಿಯಲ್ಲ, ಮಕ್ಕಳು ಒಬ್ಬರನ್ನೊಬ್ಬರು ಅಪ್ಪಿಕೊಂಡು ಮಲಗ್ತಾವಂತೆ. ಊರ ಯಜಮಾನ ಓಬಳಪ್ಪ ಕಟ್ಟೆ ಮೇಲೆ ಕೂತು ಹೇಳಿದ, "ಮನೆಗೊಂದು ಕಂಬಳಿ ಕೊಡೋಣ. ಯಾರಾದರೂ ಗಾಡೀಲಿ ತಗೊಂಡು ಹೋಗಲಿ. ದಾರೀಲಿ ಸಿಗೋ ಊರವರಿಗೂ ಹೇಳಿದೀನಿ, ಅವರೂ ಕೊಡ್ತಾರೆ. ಮಕ್ಕಳ ಮೈ ಬೆಚ್ಚಗಾಗಲಿ."

ಎಲ್ಲರೂ ಹೂಂ ಅಂದರು. ಹೋಗೋನು ಯಾರು? ದೊಡ್ಡ ಬೈಕಿದ್ದ ಓಬಳಪ್ಪನ ಮಗ ಬಚ್ಚಲಲ್ಲಿ ಜಾರಿ ಕಾಲು ಮುರಕೊಂಡಿದ್ದ. ಉಳಿದೋರಿಗೆಲ್ಲ ಅವತ್ತೇ ಕೆಲಸ ನೆನಪಾಯ್ತು. ಕೊನೆಗೆ ಉಳಿದದ್ದು ಬೀರನ ಅಪ್ಪನ ಹಳೇ ಮೊಪೆಡ್ಡು. ಅಪ್ಪ ಅದರ ಮೇಲೆ ಕಂಬಳಿ ಹೇರಿಕೊಂಡು ಸಂತೆ ಸಂತೆ ಸುತ್ತಿದ್ದ. ಅದನ್ನ ಓಡಿಸೋದು ಬೀರನಿಗೆ ಗೊತ್ತಿತ್ತು. ಅವನಿಗೆ ಗೊತ್ತಿದ್ದದ್ದೇ ಅದೊಂದು.

"ಪೆದ್ದನ ಕೈಗೆ ಕೊಡೋದಾ?" ಓಬಳಪ್ಪ ತಲೆ ಕೆರಕೊಂಡ.

"ನನ್ನ ಮಗ ಮುಟ್ಟಿಸ್ತಾನೆ ಯಜಮಾನ," ಅಂದಳು ಮಾಳವ್ವ. "ಮುಟ್ಟಿಸಿದರೆ ಅವನ್ನ ಹೆಸರು ಹಿಡಿದು ಕರೀತೀರಾ?"

"ಮೊದಲು ಮುಟ್ಟಿಸಲಿ ಮಾಳವ್ವ. ನಾನೇನು, ಊರೇ ಕರೆಯುತ್ತೆ."

ಸರಿ, ಮೊಪೆಡ್ಡಿಗೆ ಹಿಂದೊಂದು ಹೊರೆ, ಮುಂದೊಂದು ಹೊರೆ. ನಡುವೆ ಬೀರನ ತಲೆ ಮಾತ್ರ ಕಾಣೋದು. ಮಾಳವ್ವ ಅವನ ಜೇಬಿಗೆ ಸಣ್ಣ ಫೋನು ತುರುಕಿ, "ಸಂಜೆ ಸಂಜೆ ಫೋನು ಮಾಡು. ಗಾಡಿ ಮುದುಕಾಗಿದೆ, ಹೆತ್ತ ಮಗು ನೋಡ್ಕೊಂಡಂಗೆ ನೋಡ್ಕೋ" ಅಂದಳು.

"ಆಯ್ತವ್ವ."

ಟರ್ರ್ ಅಂತ ಹೊರಟೇಬಿಟ್ಟ.

ಅವತ್ತು ಮಧ್ಯಾಹ್ನ ಮಾಳವ್ವ ನೂಲ್ತಾ ನೂಲ್ತಾ ಗೋಡೆಗೊರಗಿ ತೂಕಡಿಸಿದಳು. ಕನಸಲ್ಲಿ ಅವಳ ಕೈಯಿಂದ ಕರೀ ನೂಲು ಹೊರಟಿತು, ಹೊಸ್ತಿಲು ದಾಟಿತು, ಹೊಲ ದಾಟಿತು, ಹೋಗ್ತಾ ಹೋಗ್ತಾ ಡಾಂಬರು ರಸ್ತೆ ಆಯ್ತು. ಅದರ ಮೇಲೆ ಮಗ ಹೋಗ್ತಾ ಇದ್ದ. ಅವಳು ಸಂತೆಗಿಂತ ಆಚೆ ಹೋದವಳಲ್ಲ. ಆದರೂ ಆ ಕನಸಲ್ಲಿ ಕೆರೆ ಕಂಡಳು, ಸೇತುವೆ ಕಂಡಳು. ನೂಲು ಕಡೀದಂಗೆ ಮೆಲ್ಲಗೆ ಎಳೀತಾ ಇದ್ದಳು.

ಸಂಜೆ ಫೋನು ಬಂತು.

"ಎಲ್ಲಿದೀಯೋ ಮಗನೇ? ಎಷ್ಟು ದೂರ ಹೋದೆ?"

"ಪಕ್ಕದೂರಲ್ಲಿದೀನವ್ವ."

"ಪಕ್ಕದೂರಾ? ಬೆಳಗ್ಗೆ ಹೊರಟೋನು?"

"ನೀನೇ ಹೇಳಿದೆಯಲ್ಲ, ಮಗು ಥರ ನೋಡ್ಕೋ ಅಂತ. ಊರು ದಾಟಿದ ಮೇಲೆ ನೆನಪಾಯ್ತು. ಮಗು ಮೇಲೆ ಹೊರೆ ಹೇರ್ತಾರಾ? ಎರಡೂ ಹೊರೆ ನಾನೇ ಹೊತ್ತೆ. ಬಿಸಿಲಲ್ಲಿ ಅದನ್ನ ತಳ್ಳಿಕೊಂಡು ಹೋಗೋಕೆ ಮನಸ್ಸಾಗದೆ ಮರದ ಕೆಳಗೆ ಕಂಬಳಿ ಹಾಸಿ ಮಲಗಿಸಿದೆ. ಹಣೆಗೆ ದೃಷ್ಟಿಬೊಟ್ಟು ಇಟ್ಟೆ. ಈಗಷ್ಟೇ ಕಣ್ಣು ಮುಚ್ಚಿದೆ, ನೀನು ಮೆತ್ತಗೆ ಮಾತಾಡು."

ಮಾಳವ್ವ ತಲೆ ಚಚ್ಚಿಕೊಂಡಳು. "ಲೇ ಮಂಕೇ, ಅದು ಗಾಡಿ ಕಣೋ. ಅದರ ಮೇಲೆ ಕೂತು ಹೋಗಬೇಕು. ನಾಳೆಯಿಂದ ಒಂದು ಸಲ ಹತ್ತಿ ಕೂತೆ ಅಂದರೆ ಇಳೀಕೂಡದು, ತಿಳೀತಾ?"

"ಆಯ್ತವ್ವ. ಇಳಿಯಲ್ಲ."

ಮಾರನೇ ದಿನ ಹತ್ತಿ ಕೂತ. ಟರ್ರ್ ಅಂತ ಹೋದ. ಒಂದೂರಲ್ಲಿ ಪೆಂಡಾಲು ಹಾಕಿ, ಓಲಗ ಊದಿಸಿ, ಕಂಬಳಿ ರಾಶಿ ಹಾಕಿಕೊಂಡು ಜನ ಕಾಯ್ತಿದ್ದರು. "ಇಳೀರಿ ಸ್ವಾಮಿ, ವೇದಿಕೆಗೆ ಬನ್ನಿ" ಅಂದರು. ಇಳಿದರೆ ತಾನೇ? ಗಾಡಿ ಸಮೇತ ವೇದಿಕೆ ಹತ್ತಿದ. ಅಧ್ಯಕ್ಷರು ಹಾರ ಹಿಡಕೊಂಡು ಮೊಪೆಡ್ಡಿನ ಹಿಂದೆ ವೇದಿಕೆ ಸುತ್ತಿದರು. ಊಟಕ್ಕೆ ಕರೆದರೆ ಪಂಕ್ತಿ ನಡುವೆ ಗಾಡಿ ಬಿಟ್ಟುಕೊಂಡು ಬಂದು, ಎಲೆಯನ್ನ ಮುಂದಿನ ಹೊರೆ ಮೇಲೆ ಹಾಸಿಕೊಂಡು ಉಂಡ. ಸಾರು ಬಡಿಸೋನಿಗೆ, "ಸ್ವಲ್ಪ ಗಟ್ಟಿ ಹಾಕಣ್ಣ, ಇಳಿಜಾರಿದೆ" ಅಂದನಂತೆ.

ಸಂಜೆ ಇದನ್ನೆಲ್ಲ ಕೇಳಿ ಮಾಳವ್ವನಿಗೆ ನಗಬೇಕೋ ಅಳಬೇಕೋ ತಿಳೀಲಿಲ್ಲ. "ಈಗ ಎಲ್ಲಿದೀಯೋ?"

"ಗಾಡಿ ಮೇಲೇ ಇದೀನವ್ವ. ಸೊಂಟ ಹಿಡಕೊಂಡಿದೆ."

"ಇಳಿಯೋ ನಮ್ಮಪ್ಪ, ಇಳಿ. ಜನ ಕಂಡ ಕಡೆ ಗಾಡಿ ನಿಲ್ಲಿಸಿ ಇಳೀಬೇಕು. ಕೈ ಮುಗೀಬೇಕು. ಯಾರು ಏನು ಕೊಟ್ಟರೂ ಎರಡೂ ಕೈಯಲ್ಲಿ ತಗೊಂಡು, ಕಣ್ಣಿಗೊತ್ತಿಕೊಂಡು, ಮಕ್ಕಳಿಗೆ ಅಂತ ಹೊರೆಗೆ ಸೇರಿಸಬೇಕು. ದಾನದ ಕೆಲಸ ಅದು."

"ಆಯ್ತವ್ವ."

ಅಲ್ಲಿಂದ ಆಚೆಗೆ ಕೆಲಸ ಚೆನ್ನಾಗೇ ನಡೀತು, ಸುಳ್ಳು ಯಾಕೆ ಹೇಳಲಿ. ಊರು ಬಂದರೆ ಇಳಿದ, ಕೈ ಮುಗಿದ, ಕಂಬಳಿ ಇಸಕೊಂಡ. ಹೊರೆ ಬೆಳೀತು. ದಿನಾ ಸಂಜೆ ಅವನು ಹೇಳೋದು, ಇವಳು ಕಣ್ಣು ಮುಚ್ಚಿ ಕೇಳೋದು. "ಅವ್ವ, ಇವತ್ತು ದಾರಿ ಪೂರ್ತಿ ಸೂರ್ಯಕಾಂತಿ ಹೂವು." "ಅವ್ವ, ದೂರದಲ್ಲಿ ನೀಲಿ ಗುಡ್ಡ. ಹೋದಷ್ಟೂ ಹಿಂದಕ್ಕೆ ಹೋಗುತ್ತೆ." ಮಾಳವ್ವ ಕೂತಲ್ಲೇ ಆ ನೀಲಿ ಗುಡ್ಡ ನೋಡೋಳು. ನೂಲೋ ಉಣ್ಣೆ ಕೈಯಲ್ಲಿ ಮೋಡದಂಗೆ ಇರೋದು. ಮನೆ ಗೋಡೆ ಎಲ್ಲಿ, ಗುಡ್ಡ ಎಲ್ಲಿ, ಅವಳಿಗೇ ಗುರುತು ಸಿಗದಂಗಾಗೋದು.

ಮೋಡದಗುಡ್ಡದ ಬುಡಕ್ಕೆ ಬಂದ ದಿನ ಫೋನಲ್ಲಿ "ಅವ್ವ" ಅನ್ನೋ ಬದಲು "ಮ್ಯಾ" ಅಂತ ಕೇಳಿಸಿತು.

"ಅದೇನೋ ಅದು?"

"ಕುರಿಮರಿ ಅವ್ವ. ದಾನ ಬಂದದ್ದು. ಒಬ್ಬ ಅಜ್ಜ, ಕುರಿ ಕಾಯೋನು, ಕಾಲಿಗೆ ಮುಳ್ಳು ಚುಚ್ಚಿತ್ತು. 'ಒಂದು ಗಳಿಗೆ ಇದನ್ನ ಹಿಡಕೊಳ್ಳಪ್ಪ' ಅಂತ ಕೊಟ್ಟ. ಎರಡೂ ಕೈಯಲ್ಲಿ ತಗೊಂಡೆ, ಕಣ್ಣಿಗೊತ್ತಿಕೊಂಡೆ, ಹೊರೆಗೆ ಸೇರಿಸಿ ಹೊರಟೆ. ಪಾಪ, ಒಳ್ಳೇ ಮನುಷ್ಯ, ಕಳಿಸಿಕೊಡೋಕೆ ಅಂತ ಕುಂಟುಕೊಂಡೇ ಎಷ್ಟೋ ದೂರ ಓಡಿ ಬಂದ."

"ಅಯ್ಯೋ ನನ್ನ ಹಣೆಬರಹವೇ! ಲೇ, ಅವನು ಮುಳ್ಳು ತೆಗೆಯೋಕೆ ಅಂತ ಕೊಟ್ಟದ್ದು ಕಣೋ. ಮೊದಲು ಹೋಗಿ ಅವನ ಕೈಗೆ ಮರಿ ಕೊಟ್ಟು ಕಾಲಿಗೆ ಬೀಳು. ಇನ್ಮೇಲೆ ಯಾವ ವಸ್ತು ಕೈಗೆ ಬಂದರೂ, ಇದು ಯಾರ ಮೈಗೆ ಸೇರಿದ್ದು, ಯಾರ ಮನೆಗೆ ಸೇರಿದ್ದು ಅಂತ ಯೋಚನೆ ಮಾಡು. ಯಾರದೋ ಅವರಿಗೇ ಕೊಡು."

"ಆಯ್ತವ್ವ. ಯಾರದೋ ಅವರಿಗೇ ಕೊಡ್ತೀನಿ."

ಆ ಅಜ್ಜನ ಹೆಸರು ಚಿತ್ತಯ್ಯ. ಮರಿ ಸಿಕ್ಕಿತಲ್ಲ, ಬೈಗುಳ ಅರ್ಧಕ್ಕೇ ನಿಂತಿತು. ಇವನ ಮುಖ ನೋಡಿ, ರೊಟ್ಟಿ ಕೊಟ್ಟು, "ಇಲ್ಲೇ ನಮ್ಮ ಬಿಡಾರದಲ್ಲಿ ಮಲಗು, ಬೆಳಗ್ಗೆ ಗುಡ್ಡ ಹತ್ತು" ಅಂದ. ಅವತ್ತು ಚಿತ್ತಯ್ಯ ಕುರಿಗಳ ಉಣ್ಣೆ ಕತ್ತರಿಸಿದ್ದ.

ಮಾರನೇ ದಿನ ಬೆಳ್ಳಂಬೆಳಗ್ಗೆ ಫೋನು ಬಂತು. ಮಾಳವ್ವ ಓಡಿ ಬಂದು ಎತ್ತಿದಳು.

"ಅವ್ವ, ಕೊಟ್ಟೆ."

"ಶಾಲೆಗೆ ಮುಟ್ಟಿದೆಯಾ? ಮಕ್ಕಳಿಗೆ ಕೊಟ್ಟೆಯಾ?"

"ಇಲ್ಲವ್ವ. ನೀನು ಹೇಳಿದಂಗೆ ಯೋಚನೆ ಮಾಡಿದೆ. ಎದ್ದು ನೋಡಿದರೆ ಮಂಜು. ಮಂಜಲ್ಲಿ ಕುರಿಗಳು ಬರಿಮೈಲಿ ನಡುಗ್ತಾ ನಿಂತಿದ್ದವು. ಕಂಬಳಿ ನೇಯ್ದೋರು ನಮ್ಮೂರವರು, ನೂತೋಳು ನೀನು. ಉಣ್ಣೆ ಯಾರ ಮೈದು? ಈ ಕುರಿಗಳದ್ದೇ ಅಲ್ಲವಾ? ಒಂದೊಂದಕ್ಕೂ ತಲೆ ಬೆನ್ನು ಮುಚ್ಚೋ ಹಂಗೆ ಕಂಬಳಿ ಮಡಚಿ ಕೊಪ್ಪೆ ಹಾಕಿ, ಹೊರೆ ಹಗ್ಗದಲ್ಲಿ ಹೊಟ್ಟೆಗೆ ಗಂಟು ಕಟ್ಟಿದೆ. ಒಂದೂ ಉಳೀಲಿಲ್ಲ. ಎಷ್ಟು ಚೆನ್ನಾಗಿ ಕಾಣ್ತವೆ ಗೊತ್ತಾ?"

ಮಾಳವ್ವ ನೆಲಕ್ಕೆ ಕೂತುಬಿಟ್ಟಳು. ಊರಿಗೂರೇ ನೇಯ್ದ ಕಂಬಳಿ ಕುರಿಗಳ ಮೈ ಮೇಲೆ. ಗುಡ್ಡದ ಮೇಲೆ ಮಕ್ಕಳು ಚಳೀಲಿ. ಇನ್ನು ಊರು ಅವನನ್ನ ಹೆಸರು ಹಿಡಿದು ಕರೆದಂಗೇ. ಕಣ್ಣೀರು ಒರೆಸಿಕೊಂಡು, "ಆ ಕಂಬಳಿ ಶಾಲೆಗೆ ಹೋಗಬೇಕಿತ್ತಲ್ಲೋ ಮಗನೇ" ಅಂದಳು ಅಷ್ಟೇ.

"ಕೊಟ್ಟದ್ದನ್ನ ಕಿತ್ಕೊಳ್ಳೋಕಾಗುತ್ತಾ? ಪಾಪ, ಈಗಷ್ಟೇ ಬೆಚ್ಚಗಾಗಿವೆ."

"ಹಂಗಾದರೆ ನಾನೇನು ಮಾಡಲಿ? ಕಂಬಳಿ ಹೆಂಗಾದರೂ ಹೋಗಲಿ, ಶಾಲೆಗೆ ಹೋಗಬೇಕು."

"ಆಯ್ತವ್ವ," ಅಂದ ಬೀರ. ಫೋನು ಕಟ್ಟಾಯ್ತು.

ಆ ದಿನ ಮಾಳವ್ವ ಒಲೆ ಹಚ್ಚಲಿಲ್ಲ, ಕದಿರು ಮುಟ್ಟಲಿಲ್ಲ. ಗೋಡೆಗೊರಗಿದವಳಿಗೆ ಹಸಿವಿಗೋ ಸಂಕಟಕ್ಕೋ ಕಣ್ಣು ಕೂಡಿತು. ಕನಸಲ್ಲಿ ಮಂಜು. ಮಂಜಿನೊಳಗೆ ಟರ್ರ್ ಅನ್ನೋ ಸದ್ದು. ಮುಂದೆ ಮೊಪೆಡ್ಡು, ಹಿಂದೆ ಸಾಲು ಸಾಲು ಪುಟ್ಟ ಮುದುಕಿಯರು, ಕಂಬಳಿ ಕೊಪ್ಪೆ ಹಾಕಿಕೊಂಡು ಗುಡ್ಡ ಹತ್ತುತಾ ಇದ್ದರು.

ಎಚ್ಚರ ಆದಾಗ ಫೋನು ಬಡಕೊಳ್ತಿತ್ತು. ಈ ಸಲ ಬೇರೆ ದನಿ, ಹೆಂಗಸಿನ ದನಿ.

"ಬೀರಲಿಂಗನ ತಾಯಿನಾ? ನಾನು ಮೋಡದಗುಡ್ಡದ ಶಾಲೆ ಟೀಚರು, ಅಮ್ಮ."

ಬೀರಲಿಂಗ. ಮಾಳವ್ವ ಫೋನನ್ನ ಕಿವಿಗೆ ಗಟ್ಟಿಯಾಗಿ ಒತ್ತಿಕೊಂಡಳು.

"ನಿಮ್ಮ ಮಗ ಕುರಿ ಹಿಂಡನ್ನೇ ಹೊಡಕೊಂಡು ಬಂದಿದಾರಮ್ಮ, ಹಿಂದೆ ಚಿತ್ತಯ್ಯ. ಮಕ್ಕಳು ಕಿಟಕೀಲಿ ನೋಡಿ ಎದ್ದುಬಿದ್ದು ಓಡಿದವು. ಅಪ್ಪ ಅವ್ವನ್ನ ಬಿಟ್ಟು ಬಂದ ಮೇಲೆ ನಗದೇ ಇದ್ದ ಮಗುವೊಂದಿತ್ತು, ಅದೂ ನಕ್ಕಿತು. ನಮ್ಮ ಮಕ್ಕಳಿಗೆ ಕುರಿ ಕೂಗೋದು ಕೇಳಿಸಲ್ಲ. ಕುತ್ತಿಗೆ ಮೇಲೆ ಅಂಗೈ ಇಟ್ಟು ಕೂಗನ್ನ ಮುಟ್ಟಿ ಮುಟ್ಟಿ ನೋಡ್ತಿದಾವೆ."

"ಕಂಬಳಿ, ತಾಯಿ?"

"ಬಿಸಿಲು ಬಂತಲ್ಲ, ಕುರಿಗಳಿಗೆ ಸೆಕೆ ಆಯ್ತು. ಮಕ್ಕಳೇ ಗಂಟು ಬಿಚ್ಚಿ ಹೊದ್ದುಕೊಂಡವು. ನಿಮ್ಮ ಮಗ ಕುರಿಗಳ ಹತ್ತಿರ ಕೇಳಿದರು, ಕೊಡ್ತೀರಾ ಅಂತ. ಅವು ಬೇಡ ಅನ್ನಲಿಲ್ಲ." ಟೀಚರು ನಕ್ಕಳು. "ಇನ್ನೊಂದು ಮಾತಮ್ಮ. ನಮ್ಮ ಮಕ್ಕಳು ಇಷ್ಟ ಆದೋರಿಗೆ ಕೈಯಲ್ಲೇ ಒಂದು ಹೆಸರಿಡ್ತಾವೆ. ನಿಮ್ಮ ಮಗನಿಗೂ ಇಟ್ಟಿದಾವೆ. ಎರಡೂ ಕೈಯಲ್ಲಿ ತಲೆ ಮೇಲೆ ಕೊಪ್ಪೆ ಎಳಕೊಂಡಂಗೆ ಮಾಡಿ, ಕುರಿ ಕಿವಿ ಆಡಿಸಿದಂಗೆ ಕಿವಿ ಹತ್ತಿರ ಬೆರಳು ಅಲ್ಲಾಡಿಸೋದು. ಅದೇ ನಿಮ್ಮ ಬೀರಲಿಂಗ."

ಮಾಳವ್ವ ಫೋನು ಕೆಳಗಿಟ್ಟಳು. ಆ ಖಾಲಿ ಮನೇಲಿ ಎರಡೂ ಕೈಯಿಂದ ತಲೆ ಮೇಲೆ ಕೊಪ್ಪೆ ಎಳಕೊಂಡಂಗೆ ಮಾಡಿದಳು, ಕಿವಿ ಹತ್ತಿರ ಬೆರಳು ಅಲ್ಲಾಡಿಸಿದಳು. ಇನ್ನೊಂದು ಸಲ ಮಾಡಿದಳು. ಆಮೇಲೆ ಚೆನ್ನಾಗಿ ಅತ್ತಳು.

ಓಬಳಪ್ಪನಿಗೆ ಸುದ್ದಿ ಮುಟ್ಟಿತು. "ಮಾತು ಅಂದರೆ ಮಾತು," ಅಂದ. ಬೀರ ಬರೋ ದಿನ ಓಲಗ, ಹಾರ, ಊರೆಲ್ಲ ರಸ್ತೆಗೆ. ಅವನು ಗುಡ್ಡದಿಂದ ಹೊರಡೋ ಮುಂಚೆ ಮಾಳವ್ವ ಮಗನಿಗೆ ಫೋನಲ್ಲಿ ಹೇಳಿದಳು, "ದಾರೀಲಿ ಎಲ್ಲರಿಗೂ ನೀನು ಗೊತ್ತು ಈಗ. ಟೀ ಕುಡಿ, ಊಟ ಮಾಡು ಅಂತ ಕರೀತಾರೆ. ಯಾರು ಎಷ್ಟು ಕೂಗಿದರೂ ನಿಲ್ಲಬೇಡ, ತಿರುಗಿ ನೋಡಬೇಡ. ಹೊಟ್ಟೆಗೆ ಪೆಟ್ರೋಲ್ ಹಾಕಿಸು, ನೇರ ಬಾ."

ಹೊಟ್ಟೆಗೆ ಅಂದದ್ದು ಗಾಡಿ ಹೊಟ್ಟೆಗೆ ಅಂತ ಅವನಿಗೆ ತಿಳೀತು, ನಮ್ಮ ಪುಣ್ಯ.

ಸಂಜೆ ಸೂರ್ಯ ಕೆಂಪಾಗಿದ್ದ. ದೂರದಲ್ಲಿ ಧೂಳು ಎದ್ದಿತು, ಟರ್ರ್ ಅಂತ ಸದ್ದು ಬಂತು. ಓಲಗ ಶುರುವಾಯ್ತು. ಓಬಳಪ್ಪ ಹಾರ ಹಿಡಕೊಂಡು ರಸ್ತೆ ನಡುವೆ ಬಂದು, ಗಂಟಲು ಸರಿ ಮಾಡಿಕೊಂಡು, "ಬಾರಪ್ಪ ಬೀರಲಿಂಗ" ಅಂದ.

ಮೊಪೆಡ್ಡು ಓಬಳಪ್ಪನ್ನ ಬಳಸಿಕೊಂಡು ಮುಂದಕ್ಕೆ ಹೋಯ್ತು.

"ಬೀರಲಿಂಗ, ನಿಲ್ಲಪ್ಪ!" ಓಬಳಪ್ಪ ಹಾರ ಹಿಡಕೊಂಡೇ ಓಡಿದ. "ಬೀರಲಿಂಗಾ!" ಅಂತ ಹೆಂಗಸರು ಕೂಗಿದರು. "ಬೀರಲಿಂಗಣ್ಣಾ!" ಅಂತ ಮಕ್ಕಳು ಕೂಗಿದವು. ಮಗ್ಗ ಬಿಟ್ಟು ಬಂದ ಮುದುಕರು ಕೂಗಿದರು, ಕಾಲು ಮುರಿದ ಓಬಳಪ್ಪನ ಮಗ ಕಟ್ಟೆ ಮೇಲಿಂದ ಕೂಗಿದ. ಪೆದ್ದ ಅಂತ ಒಬ್ಬರ ಬಾಯಲ್ಲೂ ಬರಲಿಲ್ಲ, ಅಷ್ಟು ಪುರುಸೊತ್ತೇ ಇರಲಿಲ್ಲ. ಇಡೀ ಮಗ್ಗದಹಟ್ಟಿ ಗಂಟಲು ಹರಿದುಕೊಂಡು ಅವನ ಹೆಸರು ಕೂಗ್ತಾ ಹಿಂದೆ ಓಡ್ತಿತ್ತು.

ಮಾಳವ್ವ ಕೂಗಲಿಲ್ಲ. ಕೂಗಿದರೆ ನಿಲ್ಲಬೇಡ ಅಂದೋಳು ಅವಳೇ ತಾನೇ. ಊರ ಕೊನೆ ಮನೆ ಅವಳದು, ಬಾಗಿಲಲ್ಲಿ ನಿಂತಿದ್ದಳು. ಮಗ ಹತ್ತಿರ ಬಂದಾಗ ಎರಡೂ ಕೈಯಲ್ಲಿ ಕೊಪ್ಪೆ ಎಳಕೊಂಡಂಗೆ ಮಾಡಿ, ಕಿವಿ ಹತ್ತಿರ ಬೆರಳು ಅಲ್ಲಾಡಿಸಿದಳು.

ಬೀರನ ಮುಖ ಅರಳಿತು. ಹ್ಯಾಂಡಲ್ಲಿನಿಂದ ಎರಡೂ ಕೈ ಬಿಟ್ಟು ಅವನೂ ಹಂಗೇ ಮಾಡಿದ. ಹಂಗೇ ಮಾಡ್ತಾ ಮಾಡ್ತಾ ಅವ್ವನ್ನ ದಾಟಿ, ಊರನ್ನ ದಾಟಿ, ಕೆಂಪು ಸೂರ್ಯನ ಕಡೆಗೆ ನೇರ ಹೋದ.

"ಎಲ್ಲಿಗೆ ಹೋದ ಮಾಳವ್ವ, ನಿನ್ನ ಬೀರಲಿಂಗ?" ಏದುಸಿರು ಬಿಡ್ತಾ ಬಂದ ಓಬಳಪ್ಪ ಕೇಳಿದ.

"ನಾನೇ ನೇರ ಬಾ ಅಂದಿದ್ದೆ ಯಜಮಾನ," ಅಂದಳು ಮಾಳವ್ವ. "ಪೆಟ್ರೋಲ್ ಮುಗೀಲಿ, ಬರ್ತಾನೆ. ನೀವು ಇನ್ನೊಂದು ಸಲ ಕೂಗಿ ನೋಡಿ."

ಓಬಳಪ್ಪ ಕೂಗಿದ. ಅವಳು ಬಾಗಿಲಿಗೆ ಒರಗಿ, ಕಣ್ಣು ಮುಚ್ಚಿ ಕೇಳಿದಳು.

ಕತೆ ಇಲ್ಲಿಗೆ ನಿಂತಿತು. ಬೀರ ನಿಂತಿಲ್ಲ.