ಕೆಂಪು ಜುಟ್ಟು ನೋಡಿ ಹಿಡಿದ ಜವರ

ಕತೆ ಹೇಳ್ತೀನಿ, ಹೂಂಗುಟ್ರಪ್ಪಾ. ಹೂಂಗುಟ್ಟದೋರು ಎದ್ದೋಗಿ ಒಲೆ ಊದ್ರಿ!

ಕಾಡಿಗೆ ಹೋಗೋಕೆ ಯಾರ ಅಪ್ಪಣೆಯೂ ಬೇಡದ ಕಾಲ. ಕಾಡಂಚಿನ ಒಂದೂರಲ್ಲಿ ದ್ಯಾವಮ್ಮ ಅಂತ ಒಬ್ಬಳು. ಅವಳಿಗೊಬ್ಬನೇ ಮಗ, ಜವರ. ಆಳು ನೋಡಿದ್ರೆ ಆನೆ, ಬುದ್ಧಿ ನೋಡಿದ್ರೆ ಸೊನ್ನೆ. ಕೋಳಿಗೆ ಕಾಳು ಹಾಕಿ ಬುಟ್ಟಿ ಕವುಚೋ ಅಂದ್ರೆ ಕಾಳಿನ ಮೇಲೆ ಬುಟ್ಟಿ ಕವುಚಿ, ಕೋಳೀನ ಹೊರಗೇ ಬಿಟ್ಟು ಬರೋನು.

ದ್ಯಾವಮ್ಮ ಹಣೆ ಹಣೆ ಚಚ್ಕೊಂಡು ಅಣ್ಣ ಬೊಮ್ಮಣ್ಣನ ಮನೆಗೆ ಹೋದಳು. ಕಾಡುಕೋಳಿ ಹಿಡಿಯೋದ್ರಲ್ಲಿ ಬೊಮ್ಮಣ್ಣನದು ಎತ್ತಿದ ಕೈ.

"ಅಣ್ಣಾ, ನಿನ್ನ ಮಗಳು ಚೆಲುವಿ ನನ್ನ ಜವರನಿಗೇ ಅಂತ ಮಾತಾಗಿತ್ತಲ್ಲ?"

"ಆಗಿತ್ತು ಕಣವ್ವ. ಆದ್ರೆ ನಮ್ಮನೆ ಅಳಿಯ ಆಗೋನು ಹೊಸತೊಡಕಿಗೆ ತಾನೇ ಕಾಡುಹುಂಜ ಹಿಡಿದು ತರಬೇಕು. ನಮ್ಮಪ್ಪನ ಕಾಲದ ಕಟ್ಟಳೆ. ಯುಗಾದಿ ಮಾರನೇ ದಿನ ಎಸರಿಗೆ ಹುಂಜ ಬರಲಿಲ್ವೋ, ಚೆಲುವಿ ಬೇರೆ ಮನೆಗೆ!"

"ಹಂಗಾದ್ರೆ ನೀನೇ ಕಲಿಸು!"

ಬಾಗಿಲ ಹಿಂದಿಂದ ಚೆಲುವಿ ಕಿಸಕ್ಕನೆ ನಕ್ಕಳು. "ಕಲೀತಾನೆ ಬಿಡಪ್ಪಾ. ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಾನಲ್ಲ!" ಅವಳಿಗೆ ಜವರನ ಮೇಲೆ ಮನಸ್ಸಿತ್ತು. ಬೊಮ್ಮಣ್ಣ ಹೂಂ ಅಂದ. ಪಾಪ, ಏನಕ್ಕೆ ಹೂಂ ಅಂದೆ ಅಂತ ಅವನಿಗೇ ಗೊತ್ತಿರಲಿಲ್ಲ.

ಬೆಳಕು ಹರಿಯೋ ಹೊತ್ತಿಗೆ ಮಾವ ಅಳಿಯ ಕಾಡಿಗೆ ಹೋದ್ರು. ಬೊಮ್ಮಣ್ಣ ತನ್ನ ಸಾಕುಹುಂಜದ ಕಾಲಿಗೆ ದಾರ ಕಟ್ಟಿ ನಿಲ್ಲಿಸಿದ, ಸುತ್ತ ಉರುಲು ಹೂಡಿದ. ಸಾಕುಹುಂಜ ಕೂಗಿದ್ರೆ ಕಾಡುಹುಂಜಕ್ಕೆ ರೋಷ. ಜಗಳಕ್ಕೆ ಬರುತ್ತೆ, ಉರುಲಿಗೆ ಬೀಳುತ್ತೆ. ಅಷ್ಟೇ ವಿದ್ಯೆ! ಇಬ್ಬರೂ ಪೊದೆ ಹಿಂದೆ ಕೂತ್ರು. ಬಂತು ನೋಡಿ ಹುಂಜ! ಜವರ ಎದ್ದು ನಿಂತು ಕೈ ಬೀಸಿದ: "ಬಾ ಹುಂಜಣ್ಣಾ, ಬಾ! ನೀನು ಬಂದ್ರೇನೇ ನನ್ನ ಮದುವೆ!"

ಹುಂಜ ಬುರ್ರಂತ ಹಾರಿಹೋಯ್ತು.

"ಅಯ್ಯೋ ಮುಂಡೇದೇ! ಕಲ್ಲಿನ ಹಾಗೆ ಕೂತಿರಬೇಕು ಕಣೋ! ಏನೇ ಆದ್ರೂ ಮಿಸುಕಬಾರದು!"

"ಆಗಲಿ ಮಾವ!"

ಮಾರನೇ ದಿನ ಬೊಮ್ಮಣ್ಣ ನೀರು ಕುಡಿಯೋಕೆ ಹಳ್ಳಕ್ಕೆ ಇಳಿದ. ಹುಂಜ ಬಂತು, ಉರುಲಿಗೆ ಬಿತ್ತು, ಪಟಪಟ ಒದ್ದಾಡ್ತು. ಜವರ ಕಲ್ಲು! ನರಿ ಬಂತು. ಜವರ ಕಲ್ಲು! ನರಿ ಹುಂಜನ್ನ ಕಚ್ಕೊಂಡು, ಜವರನ ಮೂತಿ ಒಂದ್ಸಲ ಮೂಸಿ ಹೊರಟೋಯ್ತು. ಜವರ ಕಲ್ಲೇ ಕಲ್ಲು!

ಹಳ್ಳ ಹತ್ತಿ ಬಂದ ಬೊಮ್ಮಣ್ಣ ಓಡೋ ನರೀನ ಕಂಡ. "ನೋಡ್ಕೊಂಡು ಕೂತಿದ್ಯೇನೋ?"

"ಎಲ್ಲಿ ನೋಡಿದೆ ಮಾವ? ಕಲ್ಲಿಗೆ ಕಣ್ಣಿರುತ್ತಾ? ಮುಚ್ಚಿದ್ದೆ."

"ನನ್ನ ಕರ್ಮ! ಉರುಲಿಗೆ ಬಿದ್ದ ಕೂಡಲೇ ಓಡಿಹೋಗಿ ಕಂಬಳಿ ಹಾಕಿ ಅಮುಕ್ಕೋಬೇಕು! ಎಷ್ಟು ಒದ್ದಾಡಿದ್ರೂ, ಎಷ್ಟು ಕೂಗಿದ್ರೂ ಬಿಡಬಾರದು!"

"ಆಗಲಿ ಮಾವ!"

ಆಮೇಲಿನ ಸಲ ಉರುಲು ಹೂಡ್ತಾ ಹೂಡ್ತಾ ಬೊಮ್ಮಣ್ಣನ ಕಾಲೇ ಉರುಲಿಗೆ ಸಿಕ್ಕಿ, ದೊಪ್ಪನೆ ಬಿದ್ದ. "ಬಿತ್ತು!" ಅಂದ ಜವರ. ಓಡಿದ. ಕಂಬಳಿ ಹಾಕಿದ. ಮೇಲೆ ಕೂತ.

"ಲೋ, ನಾನು ಕಣೋ! ನಿನ್ನ ಮಾವ ಕಣೋ!"

"ಎಷ್ಟು ಕೂಗಿದ್ರೂ ಬಿಡಲ್ಲ!"

ಬಿಸಿಲು ನೆತ್ತಿಗೇರಿ ಚೆಲುವಿ ಬುತ್ತಿ ತಂದಾಗಲೇ ಬೊಮ್ಮಣ್ಣ ಈಚೆ ಬಂದದ್ದು. ಅವಳು ನಕ್ಕೂ ನಕ್ಕೂ ಬುತ್ತಿ ಚೆಲ್ಲಿದಳು.

ಬೊಮ್ಮಣ್ಣ ಸೊಂಟ ಹಿಡ್ಕೊಂಡು ಕೂಗಿದ: "ತಲೆ ನೋಡೋ ಮೊದಲು, ತಲೆ! ಕೆಂಪು ಜುಟ್ಟಿದ್ರೆ ಹುಂಜ, ಹಿಡಿ. ಇಲ್ದಿದ್ರೆ ಹ್ಯಾಟೆ, ಹೆಣ್ಣು. ಇದು ಮರಿ ಮಾಡೋ ಕಾಲ, ಹ್ಯಾಟೆ ಕೊಂದ್ರೆ ಪಾಪ. ಕೈಮುಗಿದು, 'ತಾಯೀ, ಮರಿ ಮಾಡ್ಕೊಂಡು ಸುಖವಾಗಿರು, ಹೋಗು' ಅಂತ ಬಿಟ್ಟುಬಿಡು!"

"ಆಗಲಿ ಮಾವ!"

ಹೊಸತೊಡಕು ಬಂತು. ಜವರ ಒಬ್ಬನೇ ಹೋದ. ಮನೇಲಿ ದ್ಯಾವಮ್ಮ ಕಂಡ ದೇವರಿಗೆಲ್ಲ ಹರಕೆ ಹೊತ್ತಳು. ಅಲ್ಲಿ ಮೊದಲು ಹ್ಯಾಟೆ ಬಿತ್ತು. ತಲೆ ನೋಡಿದ, ಕೈಮುಗಿದ, ಬಿಟ್ಟ. ಆಮೇಲೆ ಬಿತ್ತು ನೋಡಿ, ಕೆಂಪು ಜುಟ್ಟಿನ ಹುಂಜ! ಕಂಬಳಿ ಹಾಕಿದ, ಅಮುಕಿದ, ತಂದ! ದ್ಯಾವಮ್ಮ ಖುಷಿಗೆ ಅತ್ತೇಬಿಟ್ಟಳು. ಬೊಮ್ಮಣ್ಣ ಮೀಸೆ ತಿರುವಿ, "ಕಲಿಸಿದೋನು ಯಾರು!" ಅಂದ.

ಮದುವೆ ದಿನ ಬಂತು. ಕರಿಕಂಬಳಿ ಹಾಸಿದ ಹಸೆ, ಊರೆಲ್ಲ ನೆರೆದಿದೆ. ಬೊಮ್ಮಣ್ಣ ಹೊಸ ಕೆಂಪು ರುಮಾಲು ಸುತ್ತಿ ಧಾರೆ ಎರೆಯೋಕೆ ಬಂದ. ಚೆಲುವಿ ಕೈನ ಜವರನ ಕೈಲಿಟ್ಟು, "ಹಿಡ್ಕೊಳ್ಳೋ" ಅಂದ.

ಹಿಡಿಯೋಕೆ ಮೊದಲು ತಲೆ ನೋಡಬೇಕಲ್ಲ? ಜವರ ನೋಡಿದ. ಬರೀ ಮಲ್ಲಿಗೆ! ಕೈ ಬಿಟ್ಟು, ಬಗ್ಗಿ ಕೈಮುಗಿದ: "ತಾಯೀ, ಮರಿ ಮಾಡ್ಕೊಂಡು ಸುಖವಾಗಿರು, ಹೋಗು!"

ಆಮೇಲೆ ಮಾವನ ತಲೆ ನೋಡಿದ. ಕೆಂಪಗಿತ್ತು! ಹಸೆ ಮೇಲಿನ ಕಂಬಳಿ ಎಳೆದ, ಹಾಕಿದ, ಕೂತ!

"ಅಯ್ಯಯ್ಯೋ, ಬಿಡ್ಸ್ರೋ!"

ಊರೋರೆಲ್ಲ ಸೇರಿ ಎಳೆದ್ರೂ ಜವರ ಅಲ್ಲಾಡಲಿಲ್ಲ. ಉರುಳಿಬಿದ್ದ ರುಮಾಲನ್ನ ಚೆಲುವಿ ಎತ್ತಿ ತನ್ನ ತಲೆಗೆ ಸುತ್ತಿದಳು. "ಬಾವಾ, ಇಲ್ಲಿ ನೋಡು!"

"ಹುಂಜ!" ಅಂತ ಜವರ ಹಾರಿ ಬಂದು ಅವಳ ಕೈ ಹಿಡ್ಕೊಂಡ. ಧಾರೆ ಎರೆದ್ರು. ಒಂಟಿ ಕೈಲಿ ತಾಳಿ ಹಿಡಿದ, ಗಂಟು ಅವ್ವನೇ ಹಾಕಿದಳು. ಊಟಕ್ಕೆ ಎಲೆ ಹಾಕಿದ್ರು. ಊಹುಂ, ಕೈ ಬಿಡಲೇ ಇಲ್ಲ. ಊರೆಲ್ಲ ಕೂಗಿದ್ರೂ, "ಎಷ್ಟು ಕೂಗಿದ್ರೂ ಬಿಡಬಾರದು ಅಂದಿದ್ದಾನೆ ಮಾವ!" ಅಂದ. ಚೆಲುವಿ ನಗ್ತಾ ನಗ್ತಾ ಇನ್ನೊಂದು ಕೈಲಿ ಅವನಿಗೆ ತುತ್ತು ಇಟ್ಟಳು.

ಬೊಮ್ಮಣ್ಣ ಏನೋ ಹೇಳೋಕೆ ಬಾಯಿ ತೆರೆದ. ದ್ಯಾವಮ್ಮ ಓಡಿಬಂದು ಅವನ ಬಾಯಿ ಮುಚ್ಚಿದಳು. "ದಮ್ಮಯ್ಯ ಅಣ್ಣಾ, ಇನ್ನೊಂದು ಬುದ್ಧಿ ಹೇಳಬೇಡ!"